ಡಾರ್ಲಿಂಗ್ಟನ್ನಿನ ಗೋಡೆ

ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಮೂವತ್ತೊಂದು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದ ಫಖ್ರುನ್ನೀಸಾ ಅವರಿಗೆ ಅಮೆರಿಕದಲ್ಲಿ ಎಲ್ಲಕ್ಕಿಂತ ಮೊದಲು ಹಿಡಿಸಿದ್ದು ಕಾರಿನ ಎಡಗಡೆಯ ಸೀಟು. ಮೈಸೂರಿನಲ್ಲಿ ಕಲಿಯುವವರು ಬಲಕ್ಕೆ, ಕಲಿಸುವ ಇವರು ಎಡಕ್ಕೆ ಕೂರುತ್ತಿದ್ದರು. ಕಾಲಡಿಗೆ ಹೆಚ್ಚುವರಿಯಾಗಿ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತಿತ್ತು, ಕೈಗೆ ಮಾತ್ರ ಏನೂ ಇರುತ್ತಿರಲಿಲ್ಲ. ನಾರ್ತ್ ಕೆರೋಲಿನಾದ ಮಾರಿಸ್‌ವಿಲ್ಲಿಗೆ ಮಗಳ ಮನೆಗೆ ಬಂದು ನೋಡಿದರೆ, ಅದೇ ಎಡಗಡೆಯ ಸೀಟಿನ ಮುಂದೆ ಸ್ಟೀರಿಂಗ್ ಇತ್ತು. ಮೊದಲನೆಯ ಪರೀಕ್ಷೆಯಲ್ಲೇ ಲೈಸೆನ್ಸ್ ತೆಗೆದುಕೊಂಡರು. ಆಗ ಅವರಿಗೆ ಅರವತ್ತೊಂದು ವರ್ಷ.

ಸ್ಕೂಲು ಶುರು ಮಾಡಿದ್ದು ಗಂಡ ವಜೀರ್. ಪಾರ್ಶ್ವವಾಯು ಬಡಿದು ಅವರ ಕೈ ಸ್ವಾಧೀನ ತಪ್ಪಿದ ಮೇಲೆ ಫಖ್ರುನ್ನೀಸಾ ಪಾಠಕ್ಕೆ ಇಳಿದರು. ಮೊದಮೊದಲು ಹೆಂಗಸರು ಮಾತ್ರ ಬಂದರು, ಆಮೇಲೆ ಅವರ ಗಂಡಂದಿರೂ ಬಂದರು. ಇಷ್ಟು ವರ್ಷದಲ್ಲಿ ಇವರ ಪಾಠದ ವೇಳೆ ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಎದುರಿಗೆ ಬರುವ ಸಿಟಿ ಬಸ್ಸಿಗೂ ಕಾರಿನ ಬಲಮಗ್ಗುಲಿಗೂ ಎಷ್ಟು ಸಂದಿದೆ ಎಂಬುದನ್ನು ಎಡಗಡೆ ಕೂತೇ ಗೇಣಿನ ಲೆಕ್ಕದಲ್ಲಿ ಹೇಳಬಲ್ಲವರಾಗಿದ್ದರು. ವಜೀರ್ ತೀರಿಕೊಂಡ ಮೇಲೆ ಮಗಳು ಮುನೀಬಾ ಹಟ ಹಿಡಿದು ಕರೆಸಿಕೊಂಡಳು.

ಮಾರಿಸ್‌ವಿಲ್ಲಿನಲ್ಲಿ ಕಾರಿಲ್ಲದವರು ಮನೆಯಲ್ಲೇ ಸೆರೆ. ಸುತ್ತಲಿನ ಟೌನ್‌ಹೌಸುಗಳಲ್ಲಿ ಬೆಂಗಳೂರು, ಮೈಸೂರಿನಿಂದ ಹೊಸದಾಗಿ ಬಂದ ಹುಡುಗಿಯರು ಎಷ್ಟೋ ಜನ ಸ್ಟೀರಿಂಗ್ ಮುಟ್ಟಿದವರಲ್ಲ. ಶನಿವಾರ ಬೆಳಿಗ್ಗೆ ದೇವಸ್ಥಾನದ ಹಿಂದಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ ಫಖ್ರುನ್ನೀಸಾ ಈ ಹುಡುಗಿಯರಿಗೆ ಕಲಿಸತೊಡಗಿದರು. ಇವರ ಪಾಲಿಗೆ ಅದು ಹೊತ್ತು ಕಳೆಯುವ ದಾರಿ. ಹಾಗೆ ಕಲಿತವಳು ಕುವೆಂಪುನಗರದ ರಚನಾ, ಕಂಪನಿಗಳ ಬಡಾವಣೆಯಾದ ಆರ್‌ಟಿಪಿಯಲ್ಲಿ ಕೆಲಸ. ಲೈಸೆನ್ಸ್ ಬಂದು ಎರಡು ತಿಂಗಳಾಗಿದ್ದರೂ ಹೈವೇ ಅಂದರೆ ಅವಳಿಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಮಗಳ ಮನೆಯಿಂದ ನಾಲ್ಕನೆಯ ಬಾಗಿಲು ನೆಲ್ ಹಾರ್ಗ್ರೋವ್ ಅವರದು. ಎಂಬತ್ತೆರಡು ವರ್ಷದ ಒಂಟಿ ಹೆಂಗಸು. ಸೌತ್ ಕೆರೋಲಿನಾದವರು. ಎಲ್ಲರೂ ಅವರನ್ನು ಮಿಸ್ ನೆಲ್ ಎನ್ನುತ್ತಿದ್ದರು. ಕಣ್ಣಿನ ನಡುಭಾಗ ಮಬ್ಬಾಗಿ, ಅಂಚಿನಲ್ಲಿ ಬರೀ ನೆರಳು, ಬೆಳಕು ಕಾಣುವ ಸ್ಥಿತಿ ಬಂದು ಮೂರು ವರ್ಷವಾಗಿತ್ತು. ಅವರ ಗ್ಯಾರೇಜಿನಲ್ಲಿ ಬಿಳಿಯ ಬ್ಯೂಕ್ ಕಾರೊಂದು ಸುಮ್ಮನೆ ನಿಂತಿತ್ತು. ಬ್ಯಾಟರಿ ಸಾಯದಿರಲಿ ಎಂದು ವಾರಕ್ಕೊಮ್ಮೆ ಫಖ್ರುನ್ನೀಸಾ ಅದನ್ನು ತೆಗೆದು ಬಡಾವಣೆ ಸುತ್ತಿಸುತ್ತಿದ್ದರು. ಮಿಸ್ ನೆಲ್ ಪಕ್ಕದಲ್ಲಿ ಕೂತು ಇಂಜಿನ್ನಿನ ಸದ್ದಿಗೆ ಕಿವಿಗೊಡುತ್ತಿದ್ದರು. ಇಬ್ಬರ ಇಂಗ್ಲಿಷೂ ಬೇರೆ ಬೇರೆ. ಆಕೆ ಎಳೆದೆಳೆದು ಆಡುವ ಮಾತು ಇವರಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ, ಇವರ ಮಾತು ಆಕೆಗೂ ಅಷ್ಟೇ. ಆದರೆ ಒಂದು ದಿನ ಮಿಸ್ ನೆಲ್ ಕೈ ಎತ್ತಿ ಬಾನೆಟ್ಟಿನ ಕಡೆ ತೋರಿಸಿದರು. ಫಖ್ರುನ್ನೀಸಾ ಇಳಿದು ನೋಡಿದರೆ ಬೆಲ್ಟ್ ಬಿರುಕು ಬಿಟ್ಟಿತ್ತು. ಅವತ್ತಿನಿಂದ ಇವರಿಗೆ ಆಕೆಯ ಮೇಲೆ ವಿಶೇಷ ಗೌರವ.

2023ರ ಮಾರ್ಚಿನಲ್ಲಿ ಮಿಸ್ ನೆಲ್ ಒಂದು ಕಾಗದ ಹಿಡಿದು ಬಂದರು. ವಿಷಯ ಪೂರ್ತಿ ತಿಳಿಯಬೇಕೆಂದು ಫಖ್ರುನ್ನೀಸಾ ರಚನಾಳನ್ನು ಕರೆಸಿದರು. ಸೌತ್ ಕೆರೋಲಿನಾದ ಡಾರ್ಲಿಂಗ್ಟನ್ನಿನಲ್ಲಿ ಹಳೆಯ ಮೋಟಾರ್ ರೇಸಿನ ಟ್ರ್ಯಾಕ್ ಇದೆ. ಏಪ್ರಿಲಿನ ಒಂದು ಶನಿವಾರ ಧರ್ಮಕಾರ್ಯಕ್ಕೆ ಚಂದಾ ಕೊಟ್ಟವರು ತಮ್ಮ ಕಾರಿನಲ್ಲೇ ಅದರ ಮೇಲೆ ಮೂರು ಸುತ್ತು ಹೋಗಬಹುದು. ಮಿಸ್ ನೆಲ್ ಚಂದಾ ಕಟ್ಟಿಯಾಗಿದೆ. ಕಾರಿದೆ, ಓಡಿಸುವವರು ಬೇಕು.

“ಮೂವತ್ತೆಂಟು ವರ್ಷ ಅಲ್ಲಿ ರೇಸ್ ನೋಡಿದ್ದಾರಂತೆ ಆಂಟಿ,” ಎಂದಳು ರಚನಾ. “ಆದ್ರೆ ಒಂದ್ಸಲಾನೂ ಆ ರೋಡ್ ಮೇಲೆ ಕಾಲಿಟ್ಟಿಲ್ವಂತೆ.”

ಯಾಕೆ ಎಂದು ಫಖ್ರುನ್ನೀಸಾ ಕೇಳಿದರು. ಮಿಸ್ ನೆಲ್ಲರ ಗಂಡ ಒಂದು ಸಣ್ಣ ತಂಡದ ಕಾರುಗಳಿಗೆ ಇಂಜಿನ್ ಕಟ್ಟುತ್ತಿದ್ದರು. ಆ ಕಾಲದಲ್ಲಿ ರೇಸಿನ ಕಾರುಗಳು ನಿಲ್ಲುವ ಜಾಗಕ್ಕೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಗಂಡನ ಊಟದ ಡಬ್ಬಿಯನ್ನು ಬೇಲಿಯ ಮೇಲಿಂದ ದಾಟಿಸಿ ಆಕೆ ಹಿಂದಕ್ಕೆ ಬರಬೇಕಾಗಿತ್ತು. ಮುಂದೆ ಆ ನಿಯಮವೇನೋ ಹೋಯಿತು. ಆ ಹೊತ್ತಿಗೆ ಗಂಡ ರೇಸಿನ ಕೆಲಸ ಬಿಟ್ಟಿದ್ದರಿಂದ ಆಕೆಗೆ ಒಳಗೆ ಹೋಗಲು ನೆಪ ಉಳಿಯಲಿಲ್ಲ. 1988ರಲ್ಲಿ ಊರು ಬಿಟ್ಟವರು ಆ ಕಡೆ ತಲೆ ಹಾಕಿರಲಿಲ್ಲ.

ಫಖ್ರುನ್ನೀಸಾ ಓಡಿಸುತ್ತೇನೆ ಎಂದರು. ರೇಸಿನ ಟ್ರ್ಯಾಕಿಗೆ ಎಂದು ಹೇಳಿದರೆ ಮುನೀಬಾ ಬಿಡುವುದಿಲ್ಲ ಎಂದು ಗೊತ್ತಿದ್ದುದರಿಂದ ಮಗಳಿಗೆ ಮಿಸ್ ನೆಲ್ಲರ ಊರು ನೋಡಿಕೊಂಡು ಬರುತ್ತೇವೆ ಎಂದಷ್ಟೇ ತಿಳಿಸಿದರು.

ಆ ಶನಿವಾರ ಬೆಳಿಗ್ಗೆ ಆರೂವರೆಗೆ ಮೂವರೂ ಹೊರಟರು. ರಚನಾ ಹಿಂದಿನ ಸೀಟಿನಲ್ಲಿ, ನಡುವೆ ಬಾಗಿ ಕೂತು, ಮಿಸ್ ನೆಲ್ ಹೇಳಿದ್ದನ್ನು ಕನ್ನಡಕ್ಕೆ ತಿರುಗಿಸುತ್ತ ಬಂದಳು. ಸ್ಯಾನ್‌ಫರ್ಡ್ ದಾಟಿದ ಮೇಲೆ ಮಣ್ಣು ಮರಳಾಯಿತು, ಎರಡೂ ಕಡೆ ಪೈನ್ ಮರಗಳು. ರಸ್ತೆ ಬದಿಯ ಗುಡಿಸಲಂಗಡಿಯಲ್ಲಿ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದರು. ಫಖ್ರುನ್ನೀಸಾ ನಂಬಲಾರದೆ ಕಾರು ನಿಲ್ಲಿಸಿದರು. ಸಿಪ್ಪೆ ಸುಲಿದು ಬಾಯಿಗೆ ಹಾಕಿಕೊಂಡರೆ ಮೈಸೂರಿನ ರುಚಿಯೇ. ಮಿಸ್ ನೆಲ್ ಕೂಡ ನೀರು ಸುರಿಯುವ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು, ಕಡಲೆಕಾಯಿ ತಿನ್ನುತ್ತ ಟ್ರ್ಯಾಕಿನ ಕಥೆ ಹೇಳಿದರು.

ಬ್ರಾಸಿಂಗ್ಟನ್ ಎಂಬ ಆ ಊರಿನವನೊಬ್ಬ 1933ರಲ್ಲಿ ದೂರದ ಇಂಡಿಯಾನಾಪೊಲಿಸ್ಸಿಗೆ ಹೋಗಿ ಅಲ್ಲಿನ ದೊಡ್ಡ ರೇಸ್ ನೋಡಿ ಬಂದ. ನಮ್ಮೂರಿನಲ್ಲೂ ಅಂಥದ್ದೊಂದು ಕಟ್ಟುತ್ತೇನೆ ಎಂದ. ಹತ್ತಿ, ಕಡಲೆಕಾಯಿ ಬೆಳೆಯುವ ಸಣ್ಣ ಊರು. ಜನ ನಕ್ಕರು. ಹದಿನಾರು ವರ್ಷ ಕಳೆದರೂ ಅವನು ಬಿಡಲಿಲ್ಲ. ಕೊನೆಗೆ ರ್‍ಯಾಮ್ಸಿ ಎಂಬ ರೈತ ತನ್ನ ಜಮೀನು ಕೊಡಲು ಒಪ್ಪಿದ, ಆದರೆ ಅದರ ಒಂದು ಮೂಲೆಯಲ್ಲಿದ್ದ ಮೀನಿನ ಹೊಂಡಕ್ಕೆ ಕೈ ಹಚ್ಚಕೂಡದು ಎಂದ. ಮಾತು ಕೊಟ್ಟ ಬ್ರಾಸಿಂಗ್ಟನ್ ಹೊಂಡವನ್ನು ಉಳಿಸಲು ಟ್ರ್ಯಾಕಿನ ಒಂದು ತುದಿಯನ್ನೇ ಒಳಕ್ಕೆಳೆದುಕೊಂಡ. ಹಾಗಾಗಿ ಅದು ಒಂದು ಕಡೆ ಅಗಲ, ಇನ್ನೊಂದು ಕಡೆ ಮೊನೆ, ಥೇಟ್ ಮೊಟ್ಟೆಯ ಹಾಗೆ. ಒಂದು ತಿರುವಿಗೆ ಒಗ್ಗಿದ ಕಾರು ಇನ್ನೊಂದಕ್ಕೆ ಒಗ್ಗುವುದಿಲ್ಲ. ಎಂಥ ಡ್ರೈವರ್ ಬಂದರೂ ಅಲ್ಲಿ ಎರಡಕ್ಕೂ ನಡುವೆ ರಾಜಿ ಮಾಡಿಕೊಂಡೇ ಓಡಿಸಬೇಕು.

ಫಖ್ರುನ್ನೀಸಾಗೆ ಈ ಮಾತು ಬಹಳ ಹಿಡಿಸಿತು. ಮೀನು ಉಳಿಯಲೆಂದು ರಸ್ತೆ ಬಾಗಿಸಿದ ಮನುಷ್ಯನ ಬಗ್ಗೆ ಇನ್ನಷ್ಟು ಕೇಳಿದರು.

1950ರ ಸೆಪ್ಟೆಂಬರಿನಲ್ಲಿ ಮೊದಲ ರೇಸ್, ಐನೂರು ಮೈಲಿ. ಎಪ್ಪತ್ತೈದು ಕಾರು. ಒಂಬತ್ತು ವರ್ಷದ ನೆಲ್ ಅಪ್ಪನ ಜೊತೆ ಹೋಗಿದ್ದಳು. ಅಂಥ ವೇಗ ಅಷ್ಟು ಹೊತ್ತು ತಾಳುವ ಟೈರು ಆಗ ಯಾರಲ್ಲೂ ಇರಲಿಲ್ಲ, ಒಂದಾದ ಮೇಲೊಂದು ಸಿಡಿಯತೊಡಗಿದವು. ತಂಡದವರು ಪ್ರೇಕ್ಷಕರ ಕಾರುಗಳ ಬಳಿಗೆ ಓಡಿ ಬಂದು ಟೈರು ಕೊಡಿ ಎಂದು ಬೇಡಿದರು. ನೆಲ್ಲಳ ಅಪ್ಪ ತಮ್ಮ ಫೋರ್ಡಿನ ನಾಲ್ಕೂ ಟೈರು ಬಿಚ್ಚಿ ಕೊಟ್ಟುಬಿಟ್ಟರು. ಆರೂವರೆ ಗಂಟೆಗೂ ಮೀರಿ ನಡೆದ ರೇಸನ್ನು ಗೆದ್ದದ್ದು ಆ ಎಪ್ಪತ್ತೈದರಲ್ಲೇ ನಿಧಾನದ್ದೆನಿಸಿದ್ದ ಒಂದು ಕಪ್ಪು ಪ್ಲಿಮತ್. ಅದರವನು ಗಟ್ಟಿ ಟೈರು ಹಾಕಿಸಿಕೊಂಡು, ಯಾರು ಮುಂದೆ ಹೋದರೂ ತಲೆ ಕೆಡಿಸಿಕೊಳ್ಳದೆ, ಒಂದೇ ಹದದಲ್ಲಿ ಓಡಿಸಿದ್ದ.

“ಅದೇ ಪಾಠ ನಾನು ಮೂವತ್ತು ವರ್ಷ ಹೇಳಿದ್ದು,” ಎಂದರು ಫಖ್ರುನ್ನೀಸಾ. “ಇವರಿಗೆ ಹೇಳು ರಚನಾ. ಆಮೇಲೆ ಇವರಪ್ಪ ಮನೇಗೆ ಹೆಂಗೆ ಹೋದ್ರು ಅಂತ ಕೇಳು.”

ಆ ರಾತ್ರಿ ಕಾರನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿ ಅಪ್ಪ ಮಗಳು ಅದರಲ್ಲೇ ಮಲಗಿದರಂತೆ. ಮಾರನೆಯ ದಿನ ಚಿಕ್ಕಪ್ಪ ಟೈರು ತಂದರಂತೆ. ಅಮ್ಮ ಒಂದು ವಾರ ಅಪ್ಪನ ಜೊತೆ ಮಾತಾಡಲಿಲ್ಲವಂತೆ. ಇದನ್ನು ಹೇಳುವಾಗ ಮಿಸ್ ನೆಲ್ಲರ ಮುಖ ಒಂಬತ್ತು ವರ್ಷದವಳದೇ ಆಗಿತ್ತು.

ಟ್ರ್ಯಾಕ್ ಹೊರಗಿನಿಂದ ಅಂಥ ದೊಡ್ಡದೇನೂ ಕಾಣಲಿಲ್ಲ. ಮೆಟ್ಟಿಲಿನ ಹಾಗೆ ಎದ್ದ ಆಸನಗಳ ಸಾಲು, ಸುತ್ತ ಹೊಲ, ಮನೆ. ಆದರೆ ಸುರಂಗದಂಥ ದಾರಿಯಲ್ಲಿ ಒಳಗೆ ಹೋಗಿ ತಿರುವನ್ನು ಎದುರಿನಿಂದ ನೋಡಿದಾಗ ಫಖ್ರುನ್ನೀಸಾ ಕಾರು ನಿಲ್ಲಿಸಿದರು. ರಸ್ತೆ ಮಲಗಿರಲಿಲ್ಲ, ಮನೆಯ ಮಾಡಿನ ಹಾಗೆ ಓರೆಯಾಗಿ ಎದ್ದು ನಿಂತಿತ್ತು. ಅದರ ಮೇಲಂಚಿನ ಉದ್ದಕ್ಕೂ ಗೋಡೆ. ಆ ಗೋಡೆಯ ಮೇಲೆ ಕಪ್ಪು, ಕೆಂಪು, ನೀಲಿ ಗೀರುಗಳು. ಇಳಿದು ಮುಟ್ಟಿ ನೋಡಿದರೆ ಡಾಂಬರು ಉಪ್ಪುಕಾಗದದಷ್ಟು ಒರಟು. ಇಲ್ಲಿನ ಮರಳೇ ಅದರಲ್ಲಿ ಬೆರೆತು ಟೈರುಗಳನ್ನು ಅರೆದು ಹಾಕುತ್ತದೆ ಎಂದು ಅಲ್ಲಿದ್ದ ಸ್ವಯಂಸೇವಕ ಹೇಳಿದ. ಬೇಗ ಹೋಗುವ ದಾರಿ ಗೋಡೆಗೆ ಅಂಟಿಕೊಂಡೇ ಇರುವುದರಿಂದ ಇಲ್ಲಿ ಓಡುವ ಕಾರಿನ ಬಲಮಗ್ಗುಲಿಗೆ ಗೋಡೆ ಉಜ್ಜಿ ಗುರುತು ಬೀಳದೆ ಇರುವುದಿಲ್ಲವಂತೆ. ಅದಕ್ಕೆ ಡಾರ್ಲಿಂಗ್ಟನ್ ಪಟ್ಟೆ ಎಂದೇ ಹೆಸರು. ಆ ಪಟ್ಟೆ ಬಿದ್ದ ಮೇಲೆಯೇ ಹೊಸ ಡ್ರೈವರನ್ನು ಹಳಬರು ತಮ್ಮವನೆಂದು ಒಪ್ಪುವುದು.

ಅವರ ಸರದಿ ಬಂತು. ಮುಂದೆ ದಾರಿ ತೋರಿಸುವ ಅಧಿಕಾರಿಯ ಕಾರು, ಅದರ ಹಿಂದೆ ಒಂದೊಂದಾಗಿ ಎಂಟು ಕಾರು, ಇವರದು ಕೊನೆಯದು. ಮಿಸ್ ನೆಲ್ ಕಿಟಕಿ ಇಳಿಸಿ, ಬಲಗೈಯನ್ನು ಬಾಗಿಲ ಮೇಲೆ ಇಟ್ಟು, ಎಡಗೈಯನ್ನು ಮುಂದೆ ಚಾಚಿಕೊಂಡರು. ಅವರ ಸೂಚನೆ ಸರಳ. ಅಂಗೈ ಕೆಳಗಾದರೆ ನಿಧಾನ, ಮುಂದಕ್ಕೆ ತಳ್ಳಿದರೆ ವೇಗ, ವಾಲಿಸಿದರೆ ತಿರುವು. ಹೊರಗೆ ಕೂತು ಮೂವತ್ತೆಂಟು ವರ್ಷ ಇಂಜಿನ್ನುಗಳ ಸದ್ದು ಕೇಳಿದವರು. ಡ್ರೈವರ್ ಎಲ್ಲಿ ಕಾಲು ತೆಗೆಯುತ್ತಾನೆ, ಎಲ್ಲಿ ಮತ್ತೆ ಒತ್ತುತ್ತಾನೆ ಎಂಬುದು ಅವರಿಗೆ ಕಿವಿಪಾಠವಾಗಿತ್ತು.

ಮೊದಲ ತಿರುವಿಗೇ ಎಡವಟ್ಟಾಯಿತು. ಮಿಸ್ ನೆಲ್ಲರ ಕೈ ಬಿಗಿಯಾದ ತಿರುವು ಎಂದು ಪೂರ್ತಿ ವಾಲಿತು. ಫಖ್ರುನ್ನೀಸಾ ಕಣ್ಣಿಗೆ ಕಂಡದ್ದು ಅಗಲವಾದ ತಿರುವು. ಕಣ್ಣನ್ನೇ ನಂಬಿ ಓಡಿಸಿದರು. ಇನ್ನೊಂದು ತುದಿಯಲ್ಲೂ ಹಾಗೇ, ತಿರುವು ಬಿಗಿ, ಕೈ ಸಡಿಲ. ಮಿಸ್ ನೆಲ್ ಕೈಯನ್ನು ಮಡಿಲಿಗೆ ಇಳಿಸಿಕೊಂಡರು. ತನಗೆ ಎಲ್ಲವೂ ಮರೆತುಹೋಗಿದೆ ಎಂದು ಮೆಲ್ಲಗೆ ಹೇಳಿದರು. ಆ ದನಿ ಕೇಳಿ ರಚನಾ ಫೋನ್ ತೆಗೆದಳು. ಟ್ರ್ಯಾಕಿನ ಬಗ್ಗೆ ಹಿಂದಿನ ದಿನ ಓದಿದ್ದು ನೆನಪಾಗಿ ಅವಸರವಾಗಿ ಹುಡುಕಿದಳು. 1997ರಲ್ಲಿ ಶುರುವಿನ ಗೆರೆಯನ್ನು ಎದುರುಬದಿಗೆ ಹಾಕಿದ್ದರು. ಮೊದಲು ಹಿಂದಿದ್ದ ನೇರ ದಾರಿ ಈಗ ಮುಂದಿನದು. ಮಿಸ್ ನೆಲ್ಲರ ಕಾಲದಲ್ಲಿ ಮೊದಲು ಬರುತ್ತಿದ್ದ ಬಿಗಿಯಾದ ತಿರುವು ಈಗ ಕೊನೆಗೆ ಬರುತ್ತಿತ್ತು. ರಚನಾ ಇದನ್ನು ಅವರ ಕಿವಿಯಲ್ಲಿ ಕೂಗಿ ಹೇಳಿದಳು.

ತಲೆಯಲ್ಲಿದ್ದ ಇಡೀ ಟ್ರ್ಯಾಕನ್ನು ಎತ್ತಿ ತಿರುಗಿಸಿ ಇಟ್ಟುಕೊಂಡಂತೆ ಮಿಸ್ ನೆಲ್ಲರ ಹುಬ್ಬು ಗಂಟಾಯಿತು. ಆಮೇಲೆ ಕೈ ಮೇಲೆದ್ದಿತು.

ಎರಡನೆಯ ಸುತ್ತು ಫಖ್ರುನ್ನೀಸಾ ಜೀವನದಲ್ಲೇ ಓಡಿಸಿದ ಅತ್ಯಂತ ಚೆಂದದ ಒಂದೂವರೆ ಮೈಲಿ. ಆ ಕೈ ಹೇಳಿದಲ್ಲಿ ಕಾಲು ತೆಗೆದರೆ ಕಾರು ತಾನಾಗಿ ತಿರುವಿನೊಳಕ್ಕೆ ಕೂತುಕೊಳ್ಳುತ್ತಿತ್ತು. ಹೇಳಿದಲ್ಲಿ ಒತ್ತಿದರೆ ಓರೆಯ ನೆಲವೇ ಅದನ್ನು ಹಿಡಿದು ಆಚೆಗೆ ಬಿಡುತ್ತಿತ್ತು. ಸೀಟು ಬೆನ್ನಿಗೆ ಒತ್ತಿತು, ಹೊಟ್ಟೆ ಒಂದು ಪಕ್ಕಕ್ಕೆ ಸರಿಯಿತು. ವೇಗವೇನೂ ಹೆಚ್ಚಲ್ಲ, ಐವತ್ತು ಮೈಲಿ. ಇದಕ್ಕೆ ಮೂರು ಪಟ್ಟು ವೇಗದಲ್ಲಿ, ನಲವತ್ತು ಕಾರುಗಳ ನಡುವೆ, ನಾಲ್ಕು ಗಂಟೆ ಇಲ್ಲಿ ಸುತ್ತುತ್ತಾರೆ ಎಂದರೆ ಅವರ ಎದೆ ಎಂಥದ್ದಿರಬೇಕು ಎಂದು ಅವರಿಗೆ ಅನಿಸಿತು. ಇಷ್ಟು ವರ್ಷ ಬೇರೆಯವರಿಗೆ ಹೇಳಿಕೊಟ್ಟವರು ಇವತ್ತು ಕಣ್ಣು ಕಾಣದವರ ಕೈ ನೋಡಿಕೊಂಡು ಕಲಿಯುತ್ತಿದ್ದರು. ಅದು ಅವರಿಗೆ ಸಂತೋಷವಾಗಿತ್ತು.

ಮೂರನೆಯ ಸುತ್ತಿನಲ್ಲಿ ಮಿಸ್ ನೆಲ್ ಬಲಗೈಯನ್ನು ಹೊರಗಿನ ಗೋಡೆಯ ಕಡೆ ಆಡಿಸಿದರು. ಇನ್ನೂ ಹತ್ತಿರ.

ರಚನಾ ಬೇಡ ಎಂದಳು. ಫಖ್ರುನ್ನೀಸಾ ಕೇಳಿಸಿಕೊಂಡರು. ಕೇಳಿಸಿಕೊಂಡೂ ಮೇಲಕ್ಕೆ ಬಿಟ್ಟರು. ಅಗಲದ ತಿರುವಿನಲ್ಲಿ ಎರಡು ಮಾರು, ಆಮೇಲೆ ಒಂದು ಮಾರು. ಬಿಗಿಯಾದ ತಿರುವಿನಿಂದ ಹೊರಬೀಳುವಾಗ ಮೂರು ಗೇಣು ಎಂದು ಅವರ ಲೆಕ್ಕ. ಮೈಸೂರಿನ ಬಸ್ಸುಗಳ ನಡುವೆ ಒಂದು ಸಲವೂ ತಪ್ಪದ ಲೆಕ್ಕ. ಆದರೆ ಆ ರಸ್ತೆಗಳು ಸಪಾಟಾಗಿದ್ದವು. ಓರೆ ನೆಲ ನೇರ ನೆಲಕ್ಕೆ ಇಳಿಯುವ ಕಡೆ ಕಣ್ಣಿಗೆ ಗೋಡೆ ದೂರವಾದಂತೆ ಕಂಡಿತು, ಕಾರು ಮಾತ್ರ ಅದರ ಕಡೆಗೇ ಜಾರಿತು.

“ಕೈ ಒಳಗೆ,” ಎಂದು ಕಿರುಚಿ ಫಖ್ರುನ್ನೀಸಾ ಮಿಸ್ ನೆಲ್ಲರ ತೋಳನ್ನು ಒಳಕ್ಕೆ ಎಳೆದುಕೊಂಡರು. ಕರ್ರ್ ಎಂಬ ಸದ್ದು. ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಉದ್ದಕ್ಕೆ ಉಜ್ಜಿ, ಕಾರು ಗೋಡೆಯಿಂದ ಬಿಡಿಸಿಕೊಂಡು ಕೆಳಗಿಳಿಯಿತು. ಅಷ್ಟೇ. ಯಾರಿಗೂ ಏನೂ ಆಗಲಿಲ್ಲ.

ಕಾರು ನಿಲ್ಲಿಸಿ ಫಖ್ರುನ್ನೀಸಾ ಕೆಳಗಿಳಿದರು. ಅಧಿಕಾರಿ ಬಂದು ಗಟ್ಟಿಯಾಗಿಯೇ ಬೈದ. ಇವರಿಗೆ ಇನ್ನು ಆ ದಿನ ಟ್ರ್ಯಾಕಿಗೆ ಇಳಿಯಲು ಅವಕಾಶವಿಲ್ಲ ಎಂದ. ಅದರಲ್ಲಿ ತಪ್ಪೇನೂ ಇರಲಿಲ್ಲ. ಫಖ್ರುನ್ನೀಸಾ ತಲೆ ತಗ್ಗಿಸಿ ಕ್ಷಮೆ ಕೇಳಿದರು. ಇನ್ನೊಬ್ಬರ ಕಾರು, ಇಬ್ಬರ ಜೀವ ತನ್ನ ಕೈಯಲ್ಲಿದ್ದಾಗ ಆಸೆಗೆ ಬಿದ್ದೆನಲ್ಲ ಎಂಬುದೇ ಅವರನ್ನು ಕೊರೆಯುತ್ತಿತ್ತು. ಮೂವತ್ತೊಂದು ವರ್ಷದ ಹೆಮ್ಮೆ ಅರೆ ನಿಮಿಷದಲ್ಲಿ ಹೋಗಿತ್ತು.

ಅಷ್ಟರಲ್ಲಿ ಮಿಸ್ ನೆಲ್ ಬಾಗಿಲು ತೆರೆದು ಇಳಿದಿದ್ದರು. ಕಾರಿನ ಮೈ ಹಿಡಿದುಕೊಂಡು, ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಆ ಗೀರಿನ ಮೇಲೆ ಬೆರಳಾಡಿಸುತ್ತ ಹೋದರು. ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿಗೆ ಬಂದು ಇನ್ನೊಂದು ಸಲ ಮುಟ್ಟಿದರು. ಕಣ್ಣಲ್ಲಿ ನೀರಿತ್ತು. ಏನೋ ಹೇಳಿದರು. ಫಖ್ರುನ್ನೀಸಾ ಗಾಬರಿಯಿಂದ ರಚನಾಳ ಮುಖ ನೋಡಿದರು.

“ನಮ್ಮೆಜಮಾನ್ರು ಎಷ್ಟೋ ಕಾರಿಗೆ ಇಂಜಿನ್ ಕಟ್ಟಿದ್ರು, ಆದ್ರೆ ನಮ್ಮ ಸ್ವಂತ ಕಾರಿಗೆ ಒಂದು ಪಟ್ಟೇನೂ ಬೀಳಲಿಲ್ಲ ಅಂತಿದ್ದಾರೆ ಆಂಟಿ. ಇದಕ್ಕೆ ಪೇಂಟ್ ಹೊಡೆಸಿದ್ರೆ ನಿಮ್ಮ ಜೊತೆ ಮಾತಾಡಲ್ವಂತೆ.”

ಅಧಿಕಾರಿಗೂ ಆಕೆಯ ಮಾತು ಕೇಳಿಸಿರಬೇಕು. ಟೋಪಿ ತೆಗೆದು, ಆಕೆ ಯಾವ ತಂಡದವರು ಎಂದು ವಿಚಾರಿಸಿದ. ಗಂಡನ ಹೆಸರು ಅವನಿಗೆ ತಿಳಿದಿರಲಿಲ್ಲ. ಆದರೂ ಆಕೆಯ ತೋಳು ಹಿಡಿದು ಟ್ರ್ಯಾಕಿನ ಅಂಚಿಗೆ ಕರೆದುಕೊಂಡು ಹೋದ. ಎಂಬತ್ತೆರಡರ ಹೆಂಗಸು ಶೂ ಕಳಚಿ ಬರಿಗಾಲಲ್ಲಿ ಆ ಡಾಂಬರಿನ ಮೇಲೆ ಹತ್ತು ಹೆಜ್ಜೆ ನಡೆದು ಬಂದರು. ಫಖ್ರುನ್ನೀಸಾ ದೂರದಲ್ಲೇ ನಿಂತು ನೋಡಿದರು.

ಹಿಂದಿರುಗುವಾಗ ಅವರು ಕೀಲಿಯನ್ನು ರಚನಾಳ ಕೈಗೆ ಕೊಟ್ಟರು. ಅವಳು ಹೈವೇ ಎಂದು ತೊದಲಿದಳು.

“ನನ್ನ ಕೈ ಇವತ್ತು ಸರಿ ಇಲ್ಲ ಕಣಮ್ಮ. ನೀನು ಓಡಿಸು. ನಾನು ಏನೂ ಹೇಳಲ್ಲ.”

ಆಡಿದ ಹಾಗೇ ನಡೆದುಕೊಂಡರು. ರಚನಾ ಮೊದಲ ಹತ್ತು ಮೈಲಿ ಉಸಿರು ಬಿಗಿಹಿಡಿದು ಓಡಿಸಿದಳು. ಶೆರಾ ಎಂಬ ಊರು ದಾಟುವ ಹೊತ್ತಿಗೆ ಭುಜ ಇಳಿಬಿಟ್ಟಿದ್ದಳು. ಮಿಸ್ ನೆಲ್ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು.

ಮುನೀಬಾಗೆ ಮುಚ್ಚಿಡಲು ಆಗಲಿಲ್ಲ, ಗೀರು ಎದುರಿಗೇ ಇತ್ತು. ಅವಳು ಸಿಟ್ಟಾದಳು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಎಂದು ಒಂದು ವಾರ ಮುಖ ಗಂಟಿಕ್ಕಿಕೊಂಡೇ ಇದ್ದಳು. ಫಖ್ರುನ್ನೀಸಾ ತಪ್ಪು ತನ್ನದೇ ಎಂದರು. ಆದರೆ ಎರಡನೆಯ ಸುತ್ತಿನ ಬಗ್ಗೆ ಹೇಳಲು ಶುರು ಮಾಡಿದವರು ಅರ್ಧ ಗಂಟೆ ನಿಲ್ಲಿಸಲಿಲ್ಲ. ಅಮ್ಮ ಇಷ್ಟು ಮಾತಾಡಿದ್ದನ್ನು ಅಪ್ಪ ಹೋದ ಮೇಲೆ ಮುನೀಬಾ ಕೇಳಿರಲಿಲ್ಲ. ಆಗಸ್ಟಿನಲ್ಲಿ ಅವಳೇ ಕೂತು ಡಾರ್ಲಿಂಗ್ಟನ್ನಿನ ರೇಸಿಗೆ ನಾಲ್ಕು ಟಿಕೆಟ್ ತೆಗೆದಳು.

ಸೆಪ್ಟೆಂಬರಿನ ಮೊದಲ ಭಾನುವಾರ ಅಮ್ಮ, ಮಗಳು, ಮಿಸ್ ನೆಲ್, ರಚನಾ ನಾಲ್ವರೂ ಗೋಡೆಯ ಹತ್ತಿರದ ಸಾಲಿನಲ್ಲಿ ಕೂತಿದ್ದರು. ಬಿಸಿಲು ಇಳಿಯುತ್ತಿತ್ತು. ಬಾವುಟ ಬೀಸಿ, ಕಾರುಗಳೆಲ್ಲ ಒಟ್ಟಿಗೆ ತಿರುವಿನಿಂದ ಹೊರಬಿದ್ದು ಎದುರಿಗೆ ಹಾದಾಗ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗಿತು. ಮುನೀಬಾ ಅಮ್ಮನ ಕೈ ಹಿಡಿದುಕೊಂಡಳು. ಮಿಸ್ ನೆಲ್ ಕಣ್ಣು ಮುಚ್ಚಿ, ಮೂರನೆಯ ಸುತ್ತಿಗೆಲ್ಲ, ಒಬ್ಬ ಡ್ರೈವರ್ ಬೇಗ ಕಾಲು ತೆಗೆಯುತ್ತಿದ್ದಾನೆ, ಹಿಂದೆ ಬೀಳುತ್ತಾನೆ ಎಂದರು. ಯಾವ ಕಾರು ಎಂದು ಫಖ್ರುನ್ನೀಸಾ ಹುಡುಕತೊಡಗಿದರು. ಹುಡುಕುತ್ತ ಎದ್ದವರು ಮೊದಲ ನೂರು ಮೈಲಿ ಮುಗಿಯುವ ತನಕ ಕೂರಲೇ ಇಲ್ಲ.